ಹಾಲಮ್ಮನ ಕಿವಿಗೆ ಹೇಳಿದ ಮಾತು

ರುದ್ರಮುನಿಗೆ ತನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಅರವತ್ತೇಳನೆಯ ವಯಸ್ಸಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿನ ಒಂದು ಆಶ್ರಮದಲ್ಲಿ, ಬೆಳಗಿನ ಧ್ಯಾನದ ಹೊತ್ತಿನಲ್ಲಿ.

ಅದಕ್ಕೆ ಮೊದಲು ನಲವತ್ತು ವರ್ಷ ಸಂಸಾರ ಮಾಡಿದ್ದ. ಹಾಲಮ್ಮನ ಹತ್ತಿರ ತಾನು ಆಸೆಪಡುವಂಥದ್ದು ಏನಾದರೂ ಇರಬಹುದೆಂದು ಒಂದು ದಿನವೂ ಅವನಿಗೆ ಹೊಳೆದಿರಲಿಲ್ಲ.

ಅವನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವನು. ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ಊರೂರ ಹೊಲ ಅಳೆದವನು. ಒಮ್ಮೆ ಹೊಲದ ಗಡಿಯ ಒಂದು ಬಾಂದುಕಲ್ಲಿನ ಸಲುವಾಗಿ ಅಣ್ಣತಮ್ಮಂದಿರು ಕುಡುಗೋಲು ಎತ್ತಿಕೊಂಡಿದ್ದನ್ನು ಕಣ್ಣಾರೆ ಕಂಡ. ವಾರಗಟ್ಟಲೆ ಅನ್ನ ಸೇರಲಿಲ್ಲ. ಯಾರೋ ಈ ಆಶ್ರಮದ ಹೆಸರು ಹೇಳಿದರು. ಬಂದ.

ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಂದಿನಿಂದ ಪ್ರತಿ ಶ್ರಾವಣದಲ್ಲೂ ಹತ್ತು ದಿನ ರಜೆ ಹಾಕಿ ಬಂದು ಅಲ್ಲಿಯ ಗುರು ಅಜ್ಜಯ್ಯನವರ ಎದುರು ಕೂರುತ್ತಿದ್ದ. ಮನೆಯಲ್ಲೂ ದಿನಾ ಬೆಳಗ್ಗೆ ಒಂದು ಗಂಟೆ ತಪ್ಪಿಸಿದವನಲ್ಲ.

ಅಜ್ಜಯ್ಯನವರಿಗೆ ಎಂಬತ್ತು ದಾಟಿತ್ತು. ಅವರು ಉಪನ್ಯಾಸ ಕೊಡುವವರಲ್ಲ. ಬೆಳಗ್ಗೆ ಎಲ್ಲರ ಜೊತೆ ಕೂರುತ್ತಿದ್ದರು. ಉಳಿದ ಹೊತ್ತು ಜಗಲಿಯ ಮೇಲೆ ಊಟಕ್ಕೆ ಬೇಕಾದ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ಕೇಳಿದವರಿಗೆ ಒಂದು ಮಾತು. ಎಷ್ಟೋ ಸಲ ಅದೂ ಇಲ್ಲ.

ಈ ವರ್ಷ ರುದ್ರಮುನಿ ಎರಡು ತಿಂಗಳು ಇರಲೆಂದೇ ಬಂದಿದ್ದ. ನಿವೃತ್ತಿಯಾಗಿ ಏಳು ವರ್ಷವಾಗಿತ್ತು. ಬಿ.ಪಿ. ಇತ್ತು, ಸಕ್ಕರೆ ಇತ್ತು, ನಿದ್ದೆ ಇರಲಿಲ್ಲ. ಇನ್ನು ಮಾತ್ರೆ ಹೆಚ್ಚಿಸಿ ಪ್ರಯೋಜನವಿಲ್ಲ, ಮನಸ್ಸಿಗೆ ಸ್ವಲ್ಪ ನೆಮ್ಮದಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು.

ಉಪ್ಪಿಲ್ಲದ ಪಲ್ಯ, ಎಣ್ಣೆ ಸೋಕದ ರೊಟ್ಟಿ, ದಿನಕ್ಕೆ ಐದು ಮಾತ್ರೆ. ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಹಾಲಮ್ಮ ಜೊತೆಗೆ ಬಂದಳು.

ಅವಳಿಗೆ ಧ್ಯಾನ ಗೊತ್ತಿರಲಿಲ್ಲ. ನೀವೂ ಕೂರ್ತೀರಾ ಎಂದು ಆಶ್ರಮದವರು ಕೇಳಿದರೆ, ನಮ್ಮ ಮನೆಯಲ್ಲಿ ಅದು ಅವರ ಇಲಾಖೆ ಎಂದು ನಗುತ್ತಿದ್ದಳು. ಆ ಮಾತು ಕೇಳಿ ರುದ್ರಮುನಿಗೆ ಖುಷಿಯೇ ಆಗುತ್ತಿತ್ತು.

ಬಂದ ಆರನೆಯ ದಿನ ಬೆಳಗ್ಗೆ, ಮಾತ್ರೆಯ ಡಬ್ಬಿ ಮತ್ತು ನೀರಿನ ಲೋಟ ಹಿಡಿದು ಹಾಲಮ್ಮ ಧ್ಯಾನದ ಕೋಣೆಯ ಬಾಗಿಲ ಹೊರಗೆ ನಿಂತಿದ್ದಳು. ಗಂಡ ಕಣ್ಣು ಬಿಟ್ಟ ಕೂಡಲೇ ಕೊಡಬೇಕು. ದಿನಾ ಹಾಗೇ ನಿಲ್ಲುತ್ತಿದ್ದಳು.

ಅಜ್ಜಯ್ಯ ತಮ್ಮ ಜಾಗದಿಂದ ಎದ್ದರು. ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬಾಗಿಲ ತನಕ ನಡೆದರು. ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದರು.

ರುದ್ರಮುನಿ ಇದನ್ನು ಅರೆಗಣ್ಣಲ್ಲಿ ನೋಡಿದ. ಎದುರಿಗೆ ಟವೆಲಿನ ಮೇಲೆ ಇಟ್ಟುಕೊಂಡಿದ್ದ ಕೈಗಡಿಯಾರ ನೋಡುವುದಕ್ಕೆ ಅವನು ಆಗಾಗ ಕಣ್ಣು ತೆರೆಯುತ್ತಿದ್ದ.

ಹಾಲಮ್ಮ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ನಿಜವೇ ಎಂದು ಕೇಳುವಂತೆ ನೋಡಿದಳು. ಅಜ್ಜಯ್ಯ ತಲೆಯಾಡಿಸಿದರು. ಅವಳು ಲೋಟ, ಡಬ್ಬಿ ಎರಡನ್ನೂ ಹೊಸಿಲ ಪಕ್ಕ ಇಟ್ಟು ಅಲ್ಲೇ ಕಂಬಕ್ಕೆ ಒರಗಿ ಕೂತಳು. ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು.

ನಲವತ್ತೈದು ನಿಮಿಷಕ್ಕೆ ರುದ್ರಮುನಿ ಎದ್ದ. ಉಳಿದವರೂ ಎದ್ದರು. ಹಾಲಮ್ಮ ಏಳಲಿಲ್ಲ.

ಮಾತ್ರೆಯ ಹೊತ್ತು ಮೀರುತ್ತಿತ್ತು. ಅವಳನ್ನು ಕೂಗಲು ಅವನು ಬಾಯಿ ತೆರೆದ. ಅಜ್ಜಯ್ಯ ಅಂಗೈ ಎತ್ತಿ ತಡೆದರು. ಅಡುಗೆಮನೆಯಿಂದ ಆಶ್ರಮದ ಅಡುಗೆಯ ಮಲ್ಲವ್ವ, ಹಾಲಮ್ಮನೋರು ಎಲ್ಲಿ ಎಂದು ಕೇಳಿಕೊಂಡು ಬಂದಳು. ಅವಳಿಗೂ ಅದೇ ಅಂಗೈ.

ಗೋಡೆಯ ಮೇಲಿನ ಬಿಸಿಲು ಕೆಳಗಿಳಿದು ಹಾಲಮ್ಮನ ಪಾದದ ಮೇಲೆ ಬಿದ್ದಾಗ ಅವಳು ಕಣ್ಣು ಬಿಟ್ಟಳು. ಕೂತು ಒಂದೂಮುಕ್ಕಾಲು ಗಂಟೆ ಆಗಿತ್ತು.

ರುದ್ರಮುನಿ ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಆ ಮುಖವನ್ನು ಅವನು ಬಲ್ಲ. ಅವಳಲ್ಲಿ ಕಂಡು ಬಲ್ಲದ್ದಲ್ಲ. ಇಪ್ಪತ್ತೆರಡು ವರ್ಷ ಕಣ್ಣು ಮುಚ್ಚಿ ಕೂತಾಗಲೆಲ್ಲ, ಒಂದು ದಿನ ತನ್ನ ಮುಖ ಹೀಗಾಗುತ್ತದೆ ಎಂದು ಅವನು ಅಂದುಕೊಂಡಿದ್ದ ಮುಖ ಅದು.

ಅಯ್ಯೋ, ನಿಮ್ಮ ಮಾತ್ರೆ, ಎಂದು ಅವಳು ಗಡಬಡಿಸಿ ಎದ್ದಳು.

ನಿದ್ದೆ ಚೆನ್ನಾಗಿ ಬಂತೇನೋ, ಎಂದ ರುದ್ರಮುನಿ.

ಅವಳು ಒಂದು ಗಳಿಗೆ ಯೋಚಿಸಿ, ನಿದ್ದೆ ಅಲ್ಲ ರೀ, ಅಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು.

ಮಾರನೆಯ ದಿನವೂ ಕೂತಳು. ಅದರ ಮಾರನೆಯ ದಿನವೂ. ಬೆನ್ನು ಸ್ವಲ್ಪ ಬಾಗಿರುತ್ತಿತ್ತು. ಕೈ ಮಡಿಲಲ್ಲಿ ಹೇಗೋ ಬಿದ್ದಿರುತ್ತಿತ್ತು. ಧ್ಯಾನದ ಯಾವ ಲಕ್ಷಣವೂ ಇರಲಿಲ್ಲ. ಆದರೆ ಅವಳು ಕೂತ ಕಡೆ ಗಾಳಿಯೂ ಮೆತ್ತಗೆ ಓಡಾಡುತ್ತಿದೆ ಅನ್ನಿಸುತ್ತಿತ್ತು. ನೊಣ ಬಂದು ಕೆನ್ನೆಯ ಮೇಲೆ ಕೂತರೂ ಅವಳು ಅಲುಗುತ್ತಿರಲಿಲ್ಲ.

ರುದ್ರಮುನಿಯ ಧ್ಯಾನ ಈಗ ಪೂರ್ತಿ ಅವಳ ಮೇಲೇ ನಿಂತಿತ್ತು. ಅವಳು ಏಳುವ ಮೊದಲು ತಾನು ಏಳಬಾರದೆಂದು ಹಟ ಹಿಡಿದು ಕೂತ. ಮಂಡಿ ಸೆಳೆಯಿತು, ಸೊಂಟ ಹಿಡಿಯಿತು. ಒಂದು ಗಂಟೆಗೆ ಸೋತು ಎದ್ದ. ಅವಳು ಕೂತೇ ಇದ್ದಳು.

ಅವನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು. ಅಜ್ಜಯ್ಯ ಅವಳ ಕಿವಿಯಲ್ಲಿ ಏನು ಹೇಳಿದರು? ಇಪ್ಪತ್ತೆರಡು ವರ್ಷದಲ್ಲಿ ತನ್ನ ಕಿವಿಗೆ ಅವರು ಬಗ್ಗಿದವರಲ್ಲ. ಯಾವುದೋ ಬೀಜಮಂತ್ರ ಇರಬೇಕು. ರೊಟ್ಟಿ ತಟ್ಟಲು ಬಂದವಳಿಗೆ ಕೊಟ್ಟರು. ತನಗೆ ಕೊಡಲಿಲ್ಲ.

ಹೆಂಡತಿಯನ್ನೇ ಕೇಳಬಹುದಿತ್ತು. ಕೇಳಿದರೆ ಸೋತಂತೆ.

ಆಶ್ರಮಕ್ಕೆ ಬಂದಿದ್ದವರಲ್ಲಿ ಗಂಗಾಧರಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರಿದ್ದರು. ಒಳ್ಳೆಯ ಮನುಷ್ಯ, ಎಲ್ಲರನ್ನೂ ಹೊಗಳುವ ಸ್ವಭಾವ. ಅವರು ಒಂದು ದಿನ ಊಟದ ಪಂಕ್ತಿಯಲ್ಲಿ ರುದ್ರಮುನಿಯ ಪಕ್ಕ ಕೂತು, ನಿಮ್ಮ ಮನೆಯವರನ್ನ ನೋಡಿದರೆ ಕೈಮುಗಿಯಬೇಕು ಅನ್ನಿಸುತ್ತದೆ ಎಂದರು. ಇಷ್ಟು ವರ್ಷದಿಂದ ನೀವು ಸಾಧನೆ ಮಾಡಿದವರು, ನೀವೇ ಕಲಿಸಿಕೊಟ್ಟಿರಬೇಕು ಅಲ್ಲವೇ ಎಂದು ಕೇಳಿದರು.

ರುದ್ರಮುನಿ ತುತ್ತು ನುಂಗಿದ.

"ಹೌದು," ಅಂದ. "ನಾನೇ ಹೇಳಿಕೊಟ್ಟೆ."

ಗಂಗಾಧರಯ್ಯ ಅದನ್ನು ಇನ್ನೂ ನಾಲ್ಕು ಜನಕ್ಕೆ ಹೇಳಿದರು. ಸಂಜೆಯ ಹೊತ್ತಿಗೆ ಇಬ್ಬರು ಬಂದು ತಮಗೂ ಸ್ವಲ್ಪ ದಾರಿ ತೋರಿಸಿ ಎಂದು ರುದ್ರಮುನಿಯನ್ನು ಕೇಳಿದರು. ಹಾಲಮ್ಮನಿಗೆ ಈ ಮಾತು ಮುಟ್ಟಿದರೆ ಏನು ಹೇಳುತ್ತಾಳೋ ಎಂದು ಅವನಿಗೆ ಹೆದರಿಕೆಯಾಯಿತು. ಹೇಳಿದ ಸುಳ್ಳನ್ನು ನಿಜ ಮಾಡುವುದಕ್ಕೆ ಒಂದೇ ದಾರಿ ಇತ್ತು.

ಮರುದಿನ ಮಧ್ಯಾಹ್ನ ಹೆಂಡತಿಯನ್ನು ನದಿಯ ಮೆಟ್ಟಿಲಿಗೆ ಕರೆದುಕೊಂಡು ಹೋದ. ನೀನು ಕೂರುವುದು ಸರಿಯಿಲ್ಲ ಅಂದ. ಹೀಗೆ ಕೂತರೆ ವಯಸ್ಸಾದವರಿಗೆ ಬೆನ್ನುಹುರಿ ಹಾಳಾಗುತ್ತದೆ. ಯಾರೂ ಹೇಳಿಕೊಡದೆ ಮಾಡಿದರೆ ತಲೆಗೆ ಏರುತ್ತದೆ. ಅಂಥವರನ್ನು ನಾನು ನೋಡಿದ್ದೇನೆ.

ಹಾಲಮ್ಮ ಡಾಕ್ಟರ ಮಾತು ಕೇಳುವ ಹಾಗೆ ಕೇಳಿದಳು.

ಅವನು ಒಂದೊಂದೇ ಹೇಳಿಕೊಟ್ಟ. ಬೆನ್ನು ನೆಟ್ಟಗೆ ಇರಬೇಕು, ಗದ್ದ ಒಳಗೆ ಇರಬೇಕು. ನಾಲ್ಕು ಎಣಿಸುವ ತನಕ ಉಸಿರು ಒಳಗೆ, ಹದಿನಾರು ಎಣಿಸುವ ತನಕ ಹಿಡಿಯುವುದು, ಎಂಟು ಎಣಿಸುತ್ತ ಬಿಡುವುದು. ದೃಷ್ಟಿ ಹುಬ್ಬಿನ ನಡುವೆ. ನೂರೆಂಟರಿಂದ ಹಿಂದಕ್ಕೆ ಎಣಿಕೆ, ನಡುವೆ ತಪ್ಪಿದರೆ ಮತ್ತೆ ನೂರೆಂಟರಿಂದ. ಯೋಚನೆ ಬಂದರೆ ಅದು ಯಾವ ಜಾತಿಯ ಯೋಚನೆ ಎಂದು ಗುರುತಿಸಬೇಕು.

ಅವನು ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ಎಲ್ಲವೂ ಅವನು ವರ್ಷಗಟ್ಟಲೆ ಮಾಡಿದ್ದೇ. ಆದರೆ ಅವಳಿಗೆ ಅದು ಬೇಕಿಲ್ಲ ಎಂಬುದು ಹೇಳುವಾಗಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನೆರಡು ಸೇರಿಸಿದ.

"ಮರೆತುಬಿಡ್ತೀನಿ ರೀ. ಚೀಟೀಲಿ ಬರೆದುಕೊಡಿ," ಅಂದಳು ಹಾಲಮ್ಮ.

ಬರೆದುಕೊಟ್ಟ. ಅಕ್ಷರ ದುಂಡಾಗಿ ಬರೆದ.

ಮಾರನೆಯ ಬೆಳಗ್ಗೆ ಅವಳು ಕಂಬ ಬಿಟ್ಟು ನೆಟ್ಟಗೆ ಕೂತಳು. ತುಟಿ ಅಲುಗುತ್ತಿತ್ತು. ಹುಬ್ಬು ಗಂಟಿಕ್ಕಿತ್ತು. ಉಸಿರು ಹಿಡಿದು ಕತ್ತಿನ ನರ ಉಬ್ಬಿತ್ತು. ಕಾಲು ಗಂಟೆಗೆ ಎದ್ದು ಹೊರಗೆ ಹೋದಳು.

ಎರಡನೆಯ ದಿನವೂ ಹಾಗೇ ಆಯಿತು. ನಾಲ್ಕನೆಯ ದಿನಕ್ಕೆ ತಲೆನೋವು ಶುರುವಾಯಿತು. ನಾನೇ ಸರಿಯಾಗಿ ಮಾಡ್ತಿಲ್ಲ ಎಂದು ಚೀಟಿ ತೆಗೆದು ಮತ್ತೆ ಮತ್ತೆ ಓದಿದಳು. ವಾರ ಕಳೆಯಿತು. ಒಂದು ಬೆಳಗ್ಗೆ ಹಣೆಗೆ ಬಟ್ಟೆ ಕಟ್ಟಿಕೊಂಡು, ನನಗೆ ಇದು ಆಗಲ್ಲ ರೀ, ನಿಮ್ಮಂಥವರಿಗೇ ಸರಿ, ಎಂದು ಅಡುಗೆಮನೆಯಲ್ಲೇ ಉಳಿದಳು.

ಅಂದು ರುದ್ರಮುನಿಗೆ ಚಪ್ಪಲಿಯೊಳಗಿನ ಕಲ್ಲು ತೆಗೆದಂತಾಯಿತು. ಮಧ್ಯಾಹ್ನ ಒಂದು ರೊಟ್ಟಿ ಜಾಸ್ತಿ ತಿಂದ. ಊಟದ ಮೇಲೆ ಕಣ್ಣು ತಾನಾಗಿ ಮುಚ್ಚಿತು. ಎಚ್ಚರವಾದಾಗ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಅಜ್ಜಯ್ಯನವರು ಹೇಳುವ ಶಾಂತಿ ಇದೇ ಇರಬೇಕು ಅಂದುಕೊಂಡ.

ಎದ್ದು ಜಗಲಿಗೆ ಬಂದಾಗ, ಹಾಲಮ್ಮ ಬೆಳಗ್ಗೆ ಯಾಕೆ ಬರಲಿಲ್ಲ ಎಂದು ಅಜ್ಜಯ್ಯ ಕೇಳಿದರು.

ತಲೆನೋವಂತೆ, ಎಂದ ರುದ್ರಮುನಿ. ಅವಳಿಗೆ ಅಭ್ಯಾಸವಿಲ್ಲ, ಎಂದೂ ಸೇರಿಸಿದ.

ಅಜ್ಜಯ್ಯ ಅವನನ್ನು ನೋಡಿದರು. ಕೈಯಲ್ಲಿದ್ದ ಎಲೆಗೆ ಕಡ್ಡಿ ಚುಚ್ಚಿ ಪಕ್ಕಕ್ಕೆ ಇಟ್ಟು, ಎದ್ದು ಅಡುಗೆಮನೆಯ ಕಡೆ ಹೋದರು.

ರುದ್ರಮುನಿ ಕಿಟಕಿಯಿಂದ ನೋಡಿದ. ಅಜ್ಜಯ್ಯ ಒಲೆಯ ಪಕ್ಕ ಮಣೆಯ ಮೇಲೆ ಕೂತು ಹಾಲಮ್ಮನ ಜೊತೆ ಅಲಸಂದೆಕಾಯಿ ಸುಲಿಯುತ್ತಿದ್ದರು. ಅವಳು ಏನೋ ಹೇಳಿದಳು. ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅವಳೂ ನಕ್ಕಳು.

ತನ್ನ ಜೊತೆ ಅವರು ಹೀಗೆ ನಕ್ಕದ್ದನ್ನು ರುದ್ರಮುನಿ ನೆನಪು ಮಾಡಿಕೊಳ್ಳಲು ನೋಡಿದ. ಒಂದೂ ಸಿಗಲಿಲ್ಲ. ಮಧ್ಯಾಹ್ನ ಇದ್ದ ಹಗುರವೆಲ್ಲ ಅಲ್ಲೇ ಇಳಿದುಹೋಯಿತು.

ಸಂಜೆ ನೇರವಾಗಿ ಜಗಲಿಗೆ ಹೋಗಿ ಅವರ ಎದುರು ನಿಂತ.

"ಅಜ್ಜಯ್ಯ, ಇಪ್ಪತ್ತೆರಡು ವರ್ಷದಿಂದ ಬರ್ತಿದ್ದೀನಿ. ಒಂದು ದಿನವೂ ಏನೂ ಕೇಳಿಲ್ಲ. ಇವತ್ತು ಕೇಳ್ತೀನಿ."

"ಕೇಳು."

"ಆವತ್ತು ಹಾಲಮ್ಮನ ಕಿವೀಲಿ ಏನೋ ಕೊಟ್ಟಿರಲ್ಲ, ಅದನ್ನ ನನಗೂ ಕೊಡಿ."

ಅಜ್ಜಯ್ಯ ಎಲೆ ಹಚ್ಚುವುದನ್ನು ನಿಲ್ಲಿಸಿದರು.

"ಅದು ನಿನ್ನ ಹತ್ತಿರ ಮೊದಲಿಂದಲೂ ಇದೆಯಲ್ಲೋ."

"ನನ್ನ ಹತ್ತಿರ ಇಲ್ಲ ಅಜ್ಜಯ್ಯ. ನೀವು ಕೊಡಲೇ ಇಲ್ಲ."

"ನಾನು ಕೊಟ್ಟಿಲ್ಲ, ನಿಜ. ಕೊಟ್ಟವಳು ಬೇರೆ. ಹೋಗಿ ಅವಳನ್ನ ಕೇಳು."

ಮತ್ತೆ ಎಲೆ ಕೈಗೆತ್ತಿಕೊಂಡರು. ಮಾತು ಮುಗಿಯಿತು ಎಂದು ಅರ್ಥ.

ರುದ್ರಮುನಿ ಎರಡು ದಿನ ತಲೆ ಕೆಡಿಸಿಕೊಂಡ. ಕೊಟ್ಟವಳು ಎಂದರೆ ಯಾರು? ತಾಯಿ ತೀರಿಹೋಗಿ ಹದಿನಾಲ್ಕು ವರ್ಷವಾಗಿತ್ತು. ಹಾಗಾದರೆ ಜಗನ್ಮಾತೆಯೇ ಇರಬೇಕು. ಗುರು ಇಷ್ಟು ಗೂಢವಾಗಿ ಹೇಳಿದ ಮೇಲೆ ಬೇರೆ ಯಾರು ಇದ್ದಾರು? ಆ ಎರಡು ದಿನವೂ ನದಿಯಲ್ಲಿ ಮುಳುಗೆದ್ದು ಒದ್ದೆ ಪಂಚೆಯಲ್ಲಿ ಕೂತು ದೇವಿಯ ಸ್ತೋತ್ರ ಹೇಳಿದ. ದೇವಿ ಏನೂ ಹೇಳಲಿಲ್ಲ. ಮೂಗು ಮಾತ್ರ ಕಟ್ಟಿತು.

ಮೂರನೆಯ ದಿನ ಹಾಲಮ್ಮ ಕಷಾಯ ತಂದುಕೊಟ್ಟಳು. ಈ ವಯಸ್ಸಿನಲ್ಲಿ ತಣ್ಣೀರಲ್ಲಿ ಯಾಕೆ ಮುಳುಗುತ್ತೀರಿ ಎಂದು ಬೈದಳು. ಅವಳ ಹಣೆಗೆ ಇನ್ನೂ ಬಟ್ಟೆ ಕಟ್ಟಿತ್ತು. ತಲೆನೋವು ಪೂರ್ತಿ ಹೋಗಿರಲಿಲ್ಲ.

ಲೋಟ ಹಿಡಿದುಕೊಂಡೇ ಅವನು ಕೇಳಿದ. ಇಷ್ಟು ದಿನ ಹಿಡಿದ ಹಟ ಸೋತಿತ್ತು.

"ಅಜ್ಜಯ್ಯ ನಿನ್ನ ಕಿವೀಲಿ ಏನು ಹೇಳಿದ್ರು?"

"ಯಾವತ್ತು?"

"ನೀನು ಕೂತ ಮೊದಲನೇ ದಿನ. ಬಾಗಿಲ ಹತ್ತಿರ."

ಹಾಲಮ್ಮ ನೆನಪು ಮಾಡಿಕೊಂಡಳು. "ಅದಾ. ಅದರಲ್ಲಿ ಏನೂ ಇಲ್ಲ ರೀ."

"ಇರಲಿ. ಹೇಳು."

"ಕೂತ್ಕೊಳವ್ವ ಅಂದ್ರು. ನೀನಾಗಿ ಏಳೋ ತನಕ ನಿನ್ನನ್ನ ಯಾರೂ ಕೂಗಲ್ಲ, ನಾನು ನೋಡ್ಕೋತೀನಿ ಅಂದ್ರು."

"ಆಮೇಲೆ?"

"ಅಷ್ಟೇ."

ರುದ್ರಮುನಿ ಲೋಟ ಕೆಳಗಿಟ್ಟ. ಇಷ್ಟೇನಾ ಎಂದು ಅವನಿಗೆ ಅನ್ನಿಸಿತು. ಹೆಂಡತಿ ಏನೋ ಮುಚ್ಚಿಡುತ್ತಿದ್ದಾಳೆ ಎಂದೂ ಒಂದು ಕ್ಷಣ ಅನ್ನಿಸಿತು. ಆದರೆ ಅವಳು ನೆಲ ನೋಡುತ್ತ ತಾನಾಗಿ ಮುಂದುವರಿಸಿದಳು.

"ನಿಮ್ಮ ಮನೆಗೆ ಬಂದಾಗಿಂದ ನನ್ನ ಒಂದು ಕಿವಿ ಯಾವಾಗಲೂ ಹೊರಗೇ ಇರುತ್ತೆ ರೀ. ಮಲಗಿದಾಗಲೂ ಇರುತ್ತೆ. ಅತ್ತೆ ಕೂಗಿದ್ರಾ, ಮಕ್ಕಳು ಕೂಗಿದ್ರಾ, ನೀವು ಕೂಗಿದ್ರಾ ಅಂತ. ಅಜ್ಜಯ್ಯ ಆ ಮಾತು ಹೇಳಿದ ಮೇಲೆ ಆ ಕಿವಿ ಒಳಗೆ ಬಂತು. ಆಮೇಲೆ ಏನಾಯ್ತು ಅಂತ ನನಗೆ ಹೇಳೋಕೆ ಬರಲ್ಲ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ."

ಅವಳು ಲೋಟ ತೆಗೆದುಕೊಂಡು ಹೋದಳು.

ರುದ್ರಮುನಿ ಕೂತಲ್ಲೇ ಕೂತ. ಹೊರಗೆ ನದಿ ತುಂಬಿ ಹರಿಯುತ್ತಿತ್ತು. ಅದರ ಸದ್ದು ಅವನಿಗೆ ಕೇಳಿಸಲಿಲ್ಲ. ಅವನು ತನ್ನ ಮನೆಯ ಬೆಳಗುಗಳನ್ನು ನೋಡುತ್ತಿದ್ದ.

ಅವನು ದೇವರ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ಮನೆಯಲ್ಲಿ ಮಿಕ್ಸಿ ಓಡುತ್ತಿರಲಿಲ್ಲ. ಹಾಲಿನವನು ಬಾಗಿಲು ಬಡಿಯುತ್ತಿರಲಿಲ್ಲ. ಅಷ್ಟರಲ್ಲಿ ಅವಳು ಪಾತ್ರೆ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಹಾಸಿಗೆ ಹಿಡಿದ ಅವನ ತಾಯಿ ರುದ್ರಾ ಎಂದು ಕೂಗುವ ಮೊದಲೇ ಅವಳು ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು. ಮಗಳು ಬಾಣಂತನಕ್ಕೆ ಬಂದಿದ್ದಾಗ ಎಳೆಕೂಸು ಅತ್ತರೆ, ಅದನ್ನು ಎತ್ತಿಕೊಂಡು ಬೀದಿಯ ಆ ತುದಿಯ ತನಕ ಹೋಗಿ, ಗಂಟೆ ಮುಗಿಯುವ ತನಕ ಅಲ್ಲೇ ಓಡಾಡುತ್ತಿದ್ದಳು.

ಇಪ್ಪತ್ತೆರಡು ವರ್ಷ. ಒಂದು ದಿನವೂ ಅವನನ್ನು ಯಾರೂ ಕೂಗಿರಲಿಲ್ಲ.

ಅದನ್ನೆಲ್ಲ ಅವನು ತನ್ನ ಏಕಾಗ್ರತೆ ಅಂದುಕೊಂಡಿದ್ದ.

ಗಂಗಾಧರಯ್ಯ ವಾಕಿಂಗಿಗೆ ಕರೆದರು. ಹೋಗಲಿಲ್ಲ. ಹೇಳದೆ ಇದ್ದುಬಿಡಬಹುದು ಎಂಬ ಯೋಚನೆಯೂ ಬಂತು. ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ನಾಳೆಯಿಂದ ನಿನ್ನ ರೀತಿಯಲ್ಲೇ ಕೂರು ಎಂದು ಒಂದು ಮಾತು ಹೇಳಿದರೆ ಸಾಕು, ಒಳ್ಳೆಯ ಗಂಡ ಎಂಬ ಹೆಸರೂ ಉಳಿಯುತ್ತದೆ.

ಸಂಜೆ ಹಾಲಮ್ಮ ನದಿಯ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದಳು. ಅವನು ಎರಡು ಮೆಟ್ಟಿಲು ಮೇಲೆ ಕೂತ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮುಖ ಕಂಡಿದ್ದರೆ ಹೇಳಲು ಆಗುತ್ತಿರಲಿಲ್ಲವೇನೋ.

"ಆ ಚೀಟಿ ಹರಿದುಹಾಕು," ಅಂದ.

ಅವಳು ತಿರುಗಲಿಲ್ಲ. ಯಾಕೆ ಎಂದು ಕೇಳಿದಳು.

"ನಿನಗೆ ಅದು ಬೇಕಿರಲಿಲ್ಲ. ಬೇಕಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದುಕೊಟ್ಟೆ. ನೀನು ಕೂತ ಹಾಗೆ ಕೂರೋಕೆ ನನಗೆ ಒಂದು ದಿನವೂ ಆಗಿಲ್ಲ ಹಾಲಮ್ಮ. ನೀನು ಎದ್ದು ಹೋಗಲಿ ಅಂತ ಬರೆದುಕೊಟ್ಟೆ."

ಹಿಂಡುತ್ತಿದ್ದ ಪಂಚೆ ಅವಳ ಕೈಯಲ್ಲೇ ನಿಂತಿತು. ಅದು ಅವನದೇ ಪಂಚೆ. ನೀರು ತೊಟ್ಟಿಕ್ಕುತ್ತಿತ್ತು.

ಅವಳು ತಿರುಗದೆಯೇ ಮಾತಾಡಿದಳು. ದನಿ ಏರಿರಲಿಲ್ಲ.

"ನನಗೆ ತಲೆ ಸಿಡೀತಿದ್ದಾಗ, ನೀವು ಎಣ್ಣೆ ಹಚ್ಚಿದ್ರಿ."

"ಹೌದು."

"ಇನ್ನೂ ನಾಲ್ಕು ದಿನ ಪ್ರಯತ್ನ ಮಾಡು, ಬರುತ್ತೆ ಅಂದ್ರಿ."

"ಅಂದೆ."

ಹಾಲಮ್ಮ ಪಂಚೆಯನ್ನು ಬಕೆಟ್ಟಿಗೆ ಹಾಕಿದಳು. ಎದ್ದಳು. ಬಕೆಟ್ಟನ್ನು ಅವನ ಕಾಲ ಹತ್ತಿರ ಇಟ್ಟಳು.

"ನಿಮ್ಮ ಬಟ್ಟೆ ನೀವು ಒಣಗಿಸಿಕೊಳ್ಳಿ. ಮಾತ್ರೆ ಡಬ್ಬಿ ಗೂಡಿನಲ್ಲಿದೆ. ಬೆಳಗ್ಗೆದು ಕೆಂಪು ಖಾನೆ."

ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದಳು.

ಅಂದಿನಿಂದ ಅವಳು ಮಲ್ಲವ್ವನ ಕೋಣೆಯಲ್ಲಿ ಮಲಗಿದಳು. ಅವನಿಗೆ ಬೇಕಾದ ಉಪ್ಪಿಲ್ಲದ ಪಲ್ಯ ಬೇಯುತ್ತಿತ್ತು. ಬಡಿಸುವವಳು ಮಾತ್ರ ಮಲ್ಲವ್ವ. ಹಾಲಮ್ಮ ಎದುರು ಸಿಕ್ಕರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು, ಪರಿಚಯವಿಲ್ಲದವರಿಗೆ ಬಿಡುವ ಹಾಗೆ.

ರುದ್ರಮುನಿ ಬಟ್ಟೆ ಒಣಗಿಸಿಕೊಂಡ. ಮಾತ್ರೆ ಒಮ್ಮೆ ಮರೆತ, ಒಮ್ಮೆ ಎರಡು ಸಲ ನುಂಗಿ ತಲೆ ತಿರುಗಿ ಗೋಡೆ ಹಿಡಿದು ಕೂತ. ಗಂಗಾಧರಯ್ಯನವರನ್ನು ಹುಡುಕಿಕೊಂಡು ಹೋಗಿ, ಹಾಲಮ್ಮನಿಗೆ ನಾನು ಏನೂ ಕಲಿಸಿಲ್ಲ, ಅವಳಿಗೆ ಬಂದದ್ದನ್ನು ಕೆಡಿಸಿದವನು ನಾನು, ಎಂದ. ಗಂಗಾಧರಯ್ಯ ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಹೊಗಳಿದರು. ಅವರ ತೋಳು ಹಿಡಿದು ನಿಲ್ಲಿಸಿ ಅವನು ಎರಡನೆಯ ಸಲ ಹೇಳಬೇಕಾಯಿತು. ಆಗ ಅವರ ನಗು ಹೋಯಿತು.

ಬೆಳಗಿನ ಹೊತ್ತು ಹಾಲಮ್ಮ ಧ್ಯಾನದ ಕೋಣೆಯ ಕಡೆ ಬರಲೇ ಇಲ್ಲ. ಕಂಬದ ಬುಡ ಖಾಲಿ ಇತ್ತು. ಅಜ್ಜಯ್ಯನವರೂ ಅವಳನ್ನು ಕರೆಯಲಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ರುದ್ರಮುನಿ ಕೈಕಾಲು ತೊಳೆಯಲು ನದಿಗೆ ಇಳಿಯುತ್ತಿದ್ದ. ದೂರದಲ್ಲಿ, ದೋಣಿ ಕಟ್ಟುವ ಬಂಡೆಯ ಮೇಲೆ ಯಾರೋ ಕೂತಿದ್ದರು. ಮಂಜಿತ್ತು. ಹತ್ತಿರ ಹೋಗದೆಯೇ ಅವನಿಗೆ ಗೊತ್ತಾಯಿತು. ಬೆನ್ನು ಸ್ವಲ್ಪ ಬಾಗಿತ್ತು. ಕೈ ಮಡಿಲಲ್ಲಿ ಹೇಗೋ ಬಿದ್ದಿತ್ತು.

ಅವಳು ಯಾರನ್ನೂ ಕೇಳಿರಲಿಲ್ಲ. ಯಾರೂ ಅವಳಿಗೆ ಕಾವಲಿರಲಿಲ್ಲ. ಕೂಗಿದರೂ ಅಲ್ಲಿಯ ತನಕ ಕೇಳುವುದಿಲ್ಲ, ಅಷ್ಟು ದೂರ ಹುಡುಕಿಕೊಂಡು ಹೋಗಿ ಕೂತಿದ್ದಳು.

ರುದ್ರಮುನಿಗೆ ಮೊದಲು ಆದದ್ದು ಸಮಾಧಾನ. ಕೆಟ್ಟದ್ದು ಪೂರ್ತಿ ಕೆಟ್ಟಿಲ್ಲ ಎಂದು ಎದೆ ಸಡಿಲವಾಯಿತು. ಕಣ್ಣಲ್ಲಿ ನೀರೂ ಬಂತು.

ಅವನು ಅಲ್ಲೇ ನಿಂತು ನೋಡಿದ. ಮಂಜು ಕರಗಿತು. ಅವಳ ಮುಖದ ಮೇಲೆ ಬೆಳಕು ಬಿತ್ತು. ಅದೇ ಮುಖ. ಈಗ ಮೊದಲಿಗಿಂತಲೂ ತಿಳಿಯಾಗಿತ್ತು.

ಮತ್ತೆ ಅದೇ ಹೊಟ್ಟೆಕಿಚ್ಚು ಎದ್ದಿತು. ಮೊದಲ ದಿನ ಎಷ್ಟು ಜೋರಾಗಿತ್ತೋ ಅಷ್ಟೇ ಜೋರಾಗಿ.

ಅವನು ಕೈಕಾಲು ತೊಳೆಯದೆ ಹಿಂದಕ್ಕೆ ನಡೆದ. ಜಗಲಿಯ ಮೇಲೆ ಅಜ್ಜಯ್ಯ ಎಲೆಯ ಕಟ್ಟು ಬಿಚ್ಚುತ್ತಿದ್ದರು. ಅವನು ಅವರ ಎದುರು ನೆಲದ ಮೇಲೆ ಕೂತ.

ಎಲ್ಲ ಹೇಳಿದ. ಗಂಗಾಧರಯ್ಯನವರಿಗೆ ಹೇಳಿದ ಸುಳ್ಳು, ಚೀಟಿ, ತಲೆನೋವು, ಆ ದಿನ ತಾನು ಜಾಸ್ತಿ ತಿಂದ ರೊಟ್ಟಿ, ಮೆಟ್ಟಿಲ ಮೇಲೆ ಹೆಂಡತಿಗೆ ಒಪ್ಪಿಕೊಂಡದ್ದು. ಅಜ್ಜಯ್ಯನವರಿಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂದು ಅವರ ಮುಖದಿಂದ ತಿಳಿಯುವಂತಿರಲಿಲ್ಲ.

ಹೇಳಿ ಮುಗಿಸಿದರೂ ಅವನು ಏಳಲಿಲ್ಲ.

"ಇನ್ನೂ ಏನೋ ಇದೆ," ಅಂದರು ಅಜ್ಜಯ್ಯ.

"ಇದೆ." ರುದ್ರಮುನಿ ತಲೆ ಎತ್ತಲಿಲ್ಲ. "ಒಪ್ಪಿಕೊಂಡರೆ ಹೋಗುತ್ತೆ ಅಂದುಕೊಂಡಿದ್ದೆ. ಹೋಗಿಲ್ಲ ಅಜ್ಜಯ್ಯ. ಈಗ ಬಂಡೆ ಮೇಲೆ ಅವಳನ್ನ ನೋಡಿ ಬಂದೆ. ಅವಳಿಗೆ ಒಳ್ಳೇದಾಗಲಿ ಅಂತ ನಿಜವಾಗಿ ಅನ್ನಿಸುತ್ತೆ. ಅದರ ಜೊತೆಗೇ ಉರಿಯುತ್ತೆ. ಕಣ್ಣು ಮುಚ್ಚಿದರೆ ಮಂತ್ರ ಇಲ್ಲ, ಉಸಿರು ಇಲ್ಲ, ಬರೀ ಆ ಉರಿಯೇ. ಇನ್ನು ನಾನು ಯಾವ ಮುಖ ಇಟ್ಟುಕೊಂಡು ಧ್ಯಾನಕ್ಕೆ ಕೂರಲಿ?"

ಅಜ್ಜಯ್ಯ ಕಟ್ಟಿನಿಂದ ಒಂದು ಎಲೆ ತೆಗೆದು ಅದರ ಧೂಳು ಒರೆಸಿದರು.

"ಇಪ್ಪತ್ತೆರಡು ವರ್ಷ ನೀನು ಖಾಲಿ ಕೈಯಲ್ಲಿ ಬಂದು ಕೂರ್ತಿದ್ದೆ, ರುದ್ರಮುನಿ," ಅಂದರು. "ಈಗ ನಿನ್ನದು ಅಂತ ಒಂದು ಸಿಕ್ಕಿದೆ. ನಾಳೆ ಬೆಳಗ್ಗೆ ಆ ಉರೀನ ಕರ್ಕೊಂಡು ಬಾ, ಪಕ್ಕದಲ್ಲಿ ಕೂರಿಸ್ಕೋ."